ಗಾಲಿ ದೊಡ್ಡಪ್ಪನವು

ನಮ್ಮ ಕಾರನ್ನು ಪಾಲು ಮಾಡಿದ್ದರು. ಅಜ್ಜ ತೀರಿಕೊಂಡ ಮೇಲೆ ದೊಡ್ಡಪ್ಪನೂ ಅಪ್ಪನೂ ಬೇರೆಯಾದಾಗ ಐದು ಜನ ಹಿರಿಯರು ಸವಣೂರಿನ ನಮ್ಮ ಪಡಸಾಲೆಯಲ್ಲಿ ಕುಳಿತು ಹೊಲ, ಮನೆ, ಎತ್ತು, ಹಂಡೆ, ಕೊಡ ಎಲ್ಲವನ್ನೂ ಎರಡು ಮಾಡಿದರು. ಕೊನೆಗೆ ಕಾರು ಉಳಿಯಿತು. ಎಲೆಬಳ್ಳಿಯ ವ್ಯಾಪಾರ ಚೆನ್ನಾಗಿ ನಡೆದಿದ್ದ ಕಾಲಕ್ಕೆ ಅಜ್ಜ ಹುಬ್ಬಳ್ಳಿಯಿಂದ ತಂದಿದ್ದ ಕಪ್ಪು ಬಣ್ಣದ ವಿಲಾಯತಿ ಕಾರು ಅದು. ಹಿರಿಯರು ತೀರ್ಮಾನ ಹೇಳಿದರು: ನಾಲ್ಕು ಗಾಲಿ, ಒಂದು ಸ್ಟೆಪ್ನಿ, ಇಂಜಿನ್ ತಿರುಗಿಸುವ ಹ್ಯಾಂಡಲ್ ಅಣ್ಣನಿಗೆ, ಉಳಿದದ್ದು ತಮ್ಮನಿಗೆ. ಹೀಗೆ ಮಾಡಿದರೆ ಒಬ್ಬನನ್ನು ಬಿಟ್ಟು ಒಬ್ಬ ಕಾರು ಹೊಡೆಯುವಂತಿಲ್ಲ, ಇಬ್ಬರೂ ಕೂಡಿಕೊಂಡೇ ಇರಬೇಕಾಗುತ್ತದೆ ಎಂಬುದು ಅವರ ಎಣಿಕೆ. ದೊಡ್ಡಪ್ಪ ಅಂದೇ ಗಾಲಿ ಬಿಚ್ಚಿಕೊಂಡು ಹಿರೇಬೆಂಡಿಗೇರಿಯ ಹೊಲದ ಮನೆಗೆ ಹೋದ. ಇಪ್ಪತ್ತಕ್ಕೂ ಹೆಚ್ಚು ವರ್ಷ ಇಬ್ಬರೂ ಮಾತಾಡಲಿಲ್ಲ.

ಇದೆಲ್ಲ ನಾನು ಕೇಳಿದ್ದು. ಆಗ ನಾನು ತೊಟ್ಟಿಲಲ್ಲಿದ್ದೆ ಎಂದು ಕೆಲವರು, ಇನ್ನೂ ಹುಟ್ಟಿರಲೇ ಇಲ್ಲ ಎಂದು ಕೆಲವರು, ಅಂಗಳದಲ್ಲಿ ಓಡಾಡುತ್ತಿದ್ದೆ ಎಂದು ಅಪ್ಪ. ಸಣ್ಣ ಸಂಗತಿ ಎಂದು ಬಿಟ್ಟುಬಿಡಬಹುದಿತ್ತು. ನಾನು ಬಿಡಲಿಲ್ಲ. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅವಳ ಬಗ್ಗೆ ನನಗಿರುವುದು ಒಂದೇ ಒಂದು ನೆನಪು, ಮತ್ತು ಅದು ಆ ಕಾರಿನೊಳಗಿನದು ಎಂದು ನಾನು ನಂಬಿದ್ದೆ.

ನೆನಪು ಹೀಗಿದೆ. ನಾನು ಅವ್ವನ ಪಕ್ಕದಲ್ಲಿ ಕುಳಿತಿದ್ದೇನೆ. ರಸ್ತೆ ನನ್ನಿಂದ ದೂರ ಸರಿಯುತ್ತಿದೆ. ಎರಡೂ ಕಡೆಯ ಹುಣಸೆಮರಗಳು ಸಣ್ಣವಾಗುತ್ತ ಹೋಗುತ್ತಿವೆ. ಹೆಚ್ಚು ಸದ್ದಿಲ್ಲ. ಅವ್ವನ ಮುಖ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಇಷ್ಟೇ.

ಚಿಕ್ಕವಳಿದ್ದಾಗ ಇದನ್ನು ಅಪ್ಪನಿಗೆ ಹೇಳಿದ್ದೆ. "ಗಡಗಡ ಸಪ್ಪಳ ಇತ್ತೇನು?" ಎಂದು ಕೇಳಿದ. ಇಲ್ಲ ಎಂದೆ. "ಹಂಗಾರ ಚಕ್ಕಡಿ ಅಲ್ಲ, ಅದು ಕಾರು. ನಾ ಹೊಡೀತಿದ್ದೆ. ನೀವಿಬ್ಬರೂ ಹಿಂದ ಕುಂತಿದ್ರಿ," ಎಂದ. ಆಮೇಲೆ ಎಷ್ಟು ಸಲ ಕೇಳಿದರೂ ಅದನ್ನೇ ಹೇಳಿದ, ಒಂದು ಅಕ್ಷರ ಬದಲಾಗದಂತೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ಎಂದೂ ಬದಲಾಗದ ಸಾಕ್ಷಿಯನ್ನು ಅನುಮಾನಿಸಬೇಕೆಂದು ಕಲಿತೆ. ಅಪ್ಪನನ್ನು ಅನುಮಾನಿಸಲು ಅಲ್ಲಿಯವರೆಗೆ ಹೋಗಬೇಕಾಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹಾನಗಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ, ಶನಿವಾರ ಸವಣೂರಿಗೆ ಬರುತ್ತಿದ್ದೆ. ಅಪ್ಪನೂ ಒಂದು ಕಾಲಕ್ಕೆ ಹೀಗೆಯೇ ವಾರವೆಲ್ಲ ಹಿರೇಕೆರೂರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದು ಶನಿವಾರ ಸಂಜೆ ಮನೆಗೆ ಬರುತ್ತಿದ್ದನಂತೆ. ಈಗ ನಿವೃತ್ತನಾಗಿದ್ದ. ದಿನಾ ಮುಂಜಾನೆ ಕೊಟ್ಟಿಗೆಗೆ ಹೋಗಿ, ನಾಲ್ಕು ಕಲ್ಲುಗಳ ಮೇಲೆ ನಿಂತ ಕಾರಿನ ಬಾಗಿಲು ತೆರೆದು, ಸ್ಟೇರಿಂಗಿನ ಮುಂದೆ ಕುಳಿತು ಪೇಪರು ಓದುತ್ತಿದ್ದ. ನಾಲ್ಕರಲ್ಲಿ ಒಂದು ಕಲ್ಲು ನಮ್ಮ ಹಳೆಯ ಒರಳು. ಹಿಂದಿನ ಸೀಟು ಕೋಳಿಗಳದು.

ಕಾರನ್ನು ಓಡುವಂತೆ ಮಾಡೋಣ ಎಂದವಳು ನಾನೇ. ಅಪ್ಪನ ಸಂತೋಷಕ್ಕೆ ಎಂದು ಎಲ್ಲರಿಗೂ ಹೇಳಿದೆ. ಅಂದಿನ ದಿನಚರಿಯಲ್ಲಿ ಬೇರೆ ಬರೆದಿದ್ದೇನೆ: "ಹಿಂದಿನ ಸೀಟಿನಲ್ಲಿ ಕುಳಿತು ಅದೇ ರಸ್ತೆಯಲ್ಲಿ ಹೋಗಬೇಕು. ಹೌದೋ ಅಲ್ಲವೋ ತಿಳಿಯಬೇಕು." ಅದೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ: "ಹೊಟ್ಟೆಗೆ ಏನೋ ಬಿಗಿ. ಕಾರಿನ ಪಟ್ಟಿಯೇ?" ನೆನಪಿನ ಈ ತುಣುಕನ್ನು ನಾನು ಅಪ್ಪನಿಗೂ ಹೇಳಿರಲಿಲ್ಲ. ಅದು ನೆನಪೋ, ಅಂದು ಹೊಟ್ಟೆನೋವಿತ್ತೋ ಗೊತ್ತಿರಲಿಲ್ಲ.

ಊರಿನ ಹಿಟ್ಟಿನ ಗಿರಣಿಯ ಇಂಜಿನ್ ನೋಡಿಕೊಳ್ಳುತ್ತಿದ್ದ ಮಿಸ್ತ್ರಿಯನ್ನು ಕರೆಸಿದೆವು. ಸುತ್ತಿಗೆಯ ಹಿಡಿಕೆಯನ್ನು ಒಂದು ಕಡೆ ಯಂತ್ರಕ್ಕೆ, ಒಂದು ಕಡೆ ಕಿವಿಗೆ ಹಚ್ಚಿ ರೋಗ ಹೇಳುವವನು. ಓಡದ ಯಂತ್ರಕ್ಕೂ ಅಭ್ಯಾಸಬಲದಿಂದ ಹಾಗೆಯೇ ಹಚ್ಚಿ ನೋಡಿದ.

"ಇದು ಯಾ ಕಂಪನಿದ್ರಿ ಮಾಲಕ್ರ?" ಎಂದ. ಮುಂದಿನ ಬಿಲ್ಲೆಯನ್ನು ಯಾರೋ ಎಂದೋ ಕಿತ್ತುಕೊಂಡು ಹೋಗಿದ್ದರು. ಎರಡು ತೂತು ಉಳಿದಿದ್ದವು.

"ವಿಲಾಯತಿ," ಎಂದ ಅಪ್ಪ.

"ವಿಲಾಯತ ಭಾಳ ದೊಡ್ಡದೈತ್ರಿ."

"ಕಾಗದಪತ್ರದಾಗ ಇತ್ತು. ಗೆದ್ದಲ ತಿಂದಾವ."

"ಗೆದ್ದಲಕ್ಕ ಗೊತ್ತಾತು, ನನಗ ಗೊತ್ತಾಗಲಿಲ್ಲ, ಹೌದಲ್ರಿ?" ಎಂದು ಮಿಸ್ತ್ರಿ ಕೆಲಸಕ್ಕೆ ಕುಳಿತ.

ಇಂಜಿನ್ ಗಟ್ಟಿಯಾಗಿ ಹಿಡಿದುಬಿಟ್ಟಿತ್ತು. ಪ್ಲಗ್ಗಿನ ತೂತುಗಳಲ್ಲಿ ಸೀಮೆಎಣ್ಣೆ ಸುರಿದು ಎರಡು ವಾರ ಬಿಟ್ಟ. ಅಷ್ಟರಲ್ಲಿ ಉಳಿದದ್ದನ್ನು ಬಿಚ್ಚಿದ. ಹಿಂದಿನ ಸೀಟನ್ನು ಎತ್ತುವಾಗ ನಾನು ಹತ್ತಿರವೇ ನಿಂತಿದ್ದೆ. ಅವ್ವನ ಬಳೆ ಚೂರೋ ತಲೆಪಿನ್ನೋ ಸಿಗುತ್ತದೆ ಎಂದು ಆಸೆಪಟ್ಟಿದ್ದೆನೆಂಬುದನ್ನು ಮುಚ್ಚಿಡುವುದಿಲ್ಲ. ಸಿಕ್ಕದ್ದು ಹನ್ನೊಂದು ಹಳೆಯ ಮೊಟ್ಟೆ, ಒಂದು ಕುಡುಗೋಲಿನ ಹಿಡಿಕೆ, ಇಲಿಯ ಗೂಡು. ಮೊಟ್ಟೆಗಳನ್ನು ನಾನೇ ಹೊರಗೆ ಒಯ್ದು ಚೆಲ್ಲಿದೆ.

"ಮಿಸ್ತ್ರಿ, ಹಿಂದಿನ ಸೀಟಿಗೆ ಹೊಟ್ಟಿಗೆ ಕಟ್ಟಿಕೊಳ್ಳೂ ಪಟ್ಟಿ ಏನರ ಇರತಿತ್ತೇನು?" ಎಂದು ಕೇಳಿದೆ.

"ಇದೇನ್ ಇಮಾನೇನ್ರಿ ಬಾಯಾರ? ಆ ಕಾಲದಾಗ ಬಾಗಲಾ ತಗದು ಬಿದ್ರ ಬಿದ್ದವರದ ತಪ್ಪು."

ರೇಡಿಯೇಟರಿನ ಮುಚ್ಚಳ ತೆಗೆದಾಗ ಮಿಸ್ತ್ರಿ ಒಳಗೆ ಇಣುಕಿದ. ಆಮೇಲೆ ತಂತಿಯಿಂದ ಕೆದಕಿ ಒಂದೊಂದೇ ಹೊರಗೆ ಹಾಕಿದ: ಕರಿಯಾಗಿ ಅಂಟಿದ ಬೆಲ್ಲದ ಗಡ್ಡೆ, ಅಕ್ಕಿಕಾಳು, ಒಂದು ಅರಿಶಿನದ ಕೊಂಬು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಪ್ರತಿವರ್ಷ ದಸರಾದಲ್ಲಿ ಖಂಡೆಪೂಜೆಗೆ ಅಪ್ಪ ಕಾರನ್ನು ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ ಮಾಡುತ್ತಿದ್ದುದು ನನಗೆ ಗೊತ್ತು. ಅದೇ ದಿನ ಹಿರೇಬೆಂಡಿಗೇರಿಯಲ್ಲಿ ದೊಡ್ಡಪ್ಪ ಗಾಲಿಗಳಿಗೆ ಪೂಜೆ ಮಾಡುತ್ತಿದ್ದುದೂ ಗೊತ್ತು. ಒಂದೇ ಕಾರಿಗೆ ಎರಡು ಊರಲ್ಲಿ ಆರತಿ. ಆದರೆ ನೈವೇದ್ಯ ಎಲ್ಲಿ ಹೋಗುತ್ತದೆ ಎಂದು ನಾನು ಯೋಚಿಸಿರಲಿಲ್ಲ.

"ಬಾಯಿ ಇದ್ದಲ್ಲೆ ಇಡಬೇಕಲ್ಲ," ಎಂದ ಅಪ್ಪ, ಪೇಪರಿನ ಹಿಂದಿನಿಂದ.

ಮಿಸ್ತ್ರಿ ಬಿಸಿನೀರು, ಸೋಡಾ ಹಾಕಿ ಮೂರು ಸಲ ತೊಳೆದ. "ಬಂದಷ್ಟು ಬಂತ್ರಿ. ಒಳಗಿನ ನಳಗೋಳಾಗ ಇನ್ನೂ ಒಂದೆರಡು ದಸರಾ ಉಳಿದಿರಬೇಕು," ಎಂದ. ನೀರಿನ ಪಂಪಿಗೆ ಬೇಕಾದ ತೆಳು ವಾಷರನ್ನು ಚಪ್ಪಲಿ ಹೊಲಿಯುವವನಿಂದ ತೊಗಲು ತಂದು, ಹರಳೆಣ್ಣೆಯಲ್ಲಿ ನೆನೆಸಿ ಕತ್ತರಿಸಿದ. ಉಳಿದ ಸಾಮಾನಿಗೆ ನಾನು ಹಳೆಯವನ್ನು ಕೈಚೀಲದಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ಹೋದೆ. ಅಂಗಡಿಯವರು ಯಾವ ಕಾರು ಎಂದು ಕೇಳಿದರು. ಚೀಲವನ್ನು ಅವರ ಮುಂದೆ ಸುರಿದೆ. ಅವರು ಹೊಂದುವುದನ್ನು ಹುಡುಕಿದರು.

ಈಗ ಇಂಜಿನ್ ತಿರುಗಿಸಿ ನೋಡಬೇಕಿತ್ತು. ಹ್ಯಾಂಡಲ್ ದೊಡ್ಡಪ್ಪನ ಪಾಲಿನದು.

ಹಿರೇಬೆಂಡಿಗೇರಿಗೆ ನಾನು ಹೋದದ್ದು ಅದೇ ಮೊದಲು. ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ ಇಳಿದಾಗ ಬೇಸಿಗೆಯ ಮಧ್ಯಾಹ್ನ. ದೊಡ್ಡಪ್ಪ ಬೇವಿನ ಗಿಡದ ಕೆಳಗೆ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ನಾರಿನ ತುದಿಯನ್ನು ಸಿಕ್ಕಿಸಿ ತಿರುಗಿಸುತ್ತಿದ್ದದ್ದು ನಮ್ಮ ಕಾರಿನ ಹ್ಯಾಂಡಲಿನಿಂದ. ಇಷ್ಟು ವರ್ಷದಲ್ಲಿ ಅದು ಕನ್ನಡಿಯ ಹಾಗೆ ಹೊಳಪಾಗಿತ್ತು. ಪಕ್ಕದಲ್ಲಿ ಚಕ್ಕಡಿ ನಿಂತಿತ್ತು. ಅದಕ್ಕೆ ಕಾರಿನ ಎರಡು ಗಾಲಿ. ಉಳಿದವು ಗೋಡೆಗೆ ಒರಗಿದ್ದವು.

ನಾನು ಯಾರೆಂದು ಹೇಳಬೇಕಾಗಲಿಲ್ಲ.

"ನಿಮ್ಮಪ್ಪ ಕಳಿಸ್ಯಾನೇನು?" ಎಂದ.

"ಇಲ್ರಿ ದೊಡ್ಡಪ್ಪ, ನಾನ ಬಂದೇನಿ. ಕಾರು ರಿಪೇರಿ ಮಾಡಿಸಾಕತ್ತೇನಿ. ಗಾಲಿ ಬೇಕಾಗಿದ್ವು. ಹ್ಯಾಂಡಲ್ಲೂ."

"ಗಾಲಿ ಕೊಟ್ರ ನನ್ನ ಚಕ್ಕಡಿ ಏನ್ ಹೊಟ್ಟಿ ಮ್ಯಾಲ ತೆವಳಬೇಕೇನು?"

ಒಳಗಿನಿಂದ ದೊಡ್ಡವ್ವ ಬಂದಳು. ರೊಟ್ಟಿ ಬಡಿಯುತ್ತಿದ್ದ ಕೈ ಹಾಗೆಯೇ ಇತ್ತು. "ಮಳಿ ಬೀಳೂಮಟಾ ಚಕ್ಕಡಿಗೆ ಏನ್ ಕೆಲಸ ಐತಿ? ನೆರಳಾಗ ಕುಂತು ತಿನ್ನಾಕತ್ತೈತಿ, ನಿಮ್ಮಂಗ," ಎಂದಳು.

ದೊಡ್ಡಪ್ಪ ಹಗ್ಗಕ್ಕೆ ಇನ್ನೂ ನಾಲ್ಕು ಸುತ್ತು ಕೊಟ್ಟ. "ಕೊಡ್ತೇನಿ. ಆದ್ರ ಗಾಲಿ ನನ್ನವು. ಅವು ಎಲ್ಲಿ ಹೋಗ್ತಾವ ನಾ ಅಲ್ಲಿ ಇರಾಂವ. ಮೊದಲನೇ ಮಳಿಗೆ ವಾಪಸ್ ಬರಬೇಕು."

ಊಟಕ್ಕೆ ಕುಳಿತಾಗ ನಾನು ಪಾಲಾದ ವರ್ಷ ಕೇಳಿದೆ. ಗಾಲಿ ಬಿಚ್ಚಿದಾಗ ನಾನು ಹುಟ್ಟಿರಲಿಲ್ಲ ಎಂದ ದೊಡ್ಡಪ್ಪ. ಆಮೇಲೆ, ಹುಟ್ಟಿದ್ದರೂ ತನಗೆ ಯಾರೂ ತಿಳಿಸಿರಲಿಲ್ಲ ಎಂದ. ನಾನು ದೊಡ್ಡವ್ವನಿಗೆ ನನ್ನ ನೆನಪನ್ನು ಹೇಳಿದೆ: ರಸ್ತೆ, ಹುಣಸೆಮರ, ಅವ್ವನ ಕೈ. ಅವಳು ಕೇಳಿ, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಒಳಗೆ ಹೋದಳು.

ಓದುವವರಿಗೆ ಇಷ್ಟರಲ್ಲಿ ಹೊಳೆದಿರಬಹುದು. ರಬ್ಬರು ಗಾಲಿಯ ಚಕ್ಕಡಿಯನ್ನು ಕಣ್ಣೆದುರು ನೋಡಿಯೂ ನನಗೆ ಹೊಳೆಯಲಿಲ್ಲ. ಎರಡು ಮನೆಗಳ ನಡುವೆ ಮಾತಿಲ್ಲ ಎಂದು ಕೇಳಿ ಬೆಳೆದವಳಿಗೆ ದಾರಿಯೂ ಇಲ್ಲ ಎಂದೇ ಅನಿಸಿತ್ತು.

ಗಾಲಿಗಳು ಬಸ್ಸಿನ ಮೇಲೆ ಸವಣೂರಿಗೆ ಬಂದವು. ಒಳಗೆ ಸೀಟು ಖಾಲಿಯಿದ್ದರೂ ದೊಡ್ಡಪ್ಪ ಅವುಗಳ ಪಕ್ಕದಲ್ಲೇ ಮೇಲೆ ಕುಳಿತು ಬಂದ. ಜೊತೆಗೆ ದೊಡ್ಡವ್ವ, ಒಳಗೆ. ಚಕ್ಕಡಿಯ ಅಚ್ಚಿಗೆ ಹೊಂದಲೆಂದು ಕಮ್ಮಾರ ಎರಡು ಗಾಲಿಗಳ ತೂತು ಅಗಲ ಮಾಡಿದ್ದ. ಮಿಸ್ತ್ರಿ ಅವುಗಳಿಗೆ ಕಬ್ಬಿಣದ ಬಳೆ ಕೂಡಿಸಿ ಬೆಸುಗೆ ಹಾಕಿದ. ಅಣ್ಣತಮ್ಮಂದಿರು ಕಾರಿನ ಎರಡು ಬದಿಗೆ ನಿಂತು ನೋಡಿದರು.

"ನಟ್ಟು ಬಿಗಿ ಆಗಿಲ್ಲಂತ ಹೇಳವಾ ಗಾಡಿ ಮಾಲಕರಿಗೆ," ಎಂದ ದೊಡ್ಡಪ್ಪ ನನಗೆ.

"ಗಾಲಿ ಮಾಲಕರ ಕೈಯಾಗ ಪಾನಾ ಐತಿ, ಅವರ ಬಿಗಿ ಮಾಡ್ಲಿ ಅನ್ನು," ಎಂದ ಅಪ್ಪ ನನಗೆ.

ನಾನು ಎರಡನ್ನೂ ತಲುಪಿಸಿದೆ. ಎಂ.ಎ. ಮಾಡಿದ್ದಕ್ಕೆ ಊರಲ್ಲಿ ಸಿಕ್ಕ ಮೊದಲ ಕೆಲಸ ಅದು.

ಹ್ಯಾಂಡಲ್ ಹಾಕಿ ಮಿಸ್ತ್ರಿ ಇಪ್ಪತ್ತು ಸಲ ತಿರುಗಿಸಿದ. ಇಪ್ಪತ್ತೊಂದನೆಯದಕ್ಕೆ ಇಂಜಿನ್ ಚಾಲೂ ಆಯಿತು. ಕೊಟ್ಟಿಗೆಯ ಹೆಂಚಿನಿಂದ ಮಣ್ಣು ಉದುರಿತು, ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ನಾನು ದಿನಚರಿ ಹಿಡಿದು ನಿಂತಿದ್ದೆ. ನನ್ನ ನೆನಪಿನಲ್ಲಿ ಹೆಚ್ಚು ಸದ್ದಿಲ್ಲ. ಈ ಕಾರಿನ ಸದ್ದಿಗೆ ಮಿಸ್ತ್ರಿ ಹೇಳಿದ್ದು ನನಗೆ ಕೇಳಿಸಲಿಲ್ಲ.

"ಹೊಸದಿದ್ದಾಗ ಹಿಂಗ ಇರಲಿಲ್ಲ," ಎಂದ ಅಪ್ಪ, ನಾನು ಕೇಳುವ ಮೊದಲೇ.

ಕಾಗದಪತ್ರವನ್ನು ಗೆದ್ದಲು ತಿಂದಿದ್ದರಿಂದ, ಪೊಲೀಸರು ತಡೆಯದ ಹೊತ್ತು ನೋಡಿ ರವಿವಾರ ಮುಂಜಾನೆ ಹೊರಟೆವು. ಹುಲಗೂರಿನ ಮೇಲೆ ಹಾಯ್ದು ಹಿರೇಬೆಂಡಿಗೇರಿಗೆ ಹೋಗುವುದು ಎಂದು ತೀರ್ಮಾನವಾಗಿತ್ತು. ಮಿಸ್ತ್ರಿ ಬರಲಿಲ್ಲ. "ಚಾಲೂ ಮಾಡೂದು ನನ್ನ ಕೆಲಸ. ಓಡೂದು ನಿಮ್ಮ ನಸೀಬು," ಎಂದು ಗಿರಣಿಗೆ ಹೋದ. ಅಪ್ಪ ಸ್ಟೇರಿಂಗು ಹಿಡಿದ. ಗಾಲಿಗಳ ಮಾಲಕನೆಂದು ದೊಡ್ಡಪ್ಪ ಪಕ್ಕದಲ್ಲಿ ಕುಳಿತ. ಹಿಂದೆ ದೊಡ್ಡವ್ವ ಮತ್ತು ನಾನು, ಎಷ್ಟು ತೊಳೆದರೂ ಹೋಗದ ಕೋಳಿಗಳ ವಾಸನೆ.

ಎಲೆಬಳ್ಳಿಯ ತೋಟಗಳು ಮುಗಿದು ಹುಣಸೆಮರಗಳ ಸಾಲು ಬಂತು. ಇದೇ ರಸ್ತೆ ಎಂದು ನನಗೆ ಅನಿಸಿತು. ಆದರೆ ಅನಿಸುವುದಕ್ಕೆ ಬೆಲೆಯಿಲ್ಲವೆಂದು ನಾನೇ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ತಿರುಗಿ ಹಿಂದಿನ ಕಿಟಕಿಯಿಂದ ನೋಡಿದೆ. ಅದು ಶಾಲೆಯ ಮಕ್ಕಳ ಪಾಟಿಯಷ್ಟು ಸಣ್ಣದು, ನನ್ನ ತಲೆಗಿಂತ ಎತ್ತರದಲ್ಲಿ. ಸೀಟಿನ ಮೇಲೆ ಮಂಡಿಯೂರಿ ನೋಡಿದೆ. ಟೊಂಗೆಗಳ ತುದಿ ಮತ್ತು ಆಕಾಶ ಕಂಡವು. ಇನ್ನೂ ಮೇಲೆ ಎದ್ದು ಇಣುಕಿದರೆ ರಸ್ತೆಯ ಒಂದು ತುಂಡು. ಇಪ್ಪತ್ತೈದು ವರ್ಷದವಳಿಗೆ ಇಷ್ಟು ಕಂಡರೆ ನಾಲ್ಕು ವರ್ಷದವಳಿಗೆ ಏನೂ ಕಂಡಿರಲಾರದು. ಕುಳಿತಲ್ಲಿಂದಂತೂ ಸಾಧ್ಯವೇ ಇಲ್ಲ.

ನಾನು ಸರಿಯಾಗಿ ಕುಳಿತೆ. ನನಗಿದ್ದ ಒಂದೇ ನೆನಪೂ ಅಪ್ಪ ಕಟ್ಟಿಕೊಟ್ಟದ್ದು ಎಂದು ಆಗ ಅಂದುಕೊಂಡೆ. ದೊಡ್ಡವ್ವ ನನ್ನನ್ನೇ ನೋಡುತ್ತಿದ್ದಳು.

"ಎಡಗಡೆ ಗಾಲಿ ಕುಣಿಯಾಕತ್ತೈತಿ," ಎಂದ ದೊಡ್ಡಪ್ಪ ಗಾಜಿನ ಕಡೆ ಮುಖ ಮಾಡಿ.

"ಗಾಲಿ ಯಾರವ ಅವರನ್ನ ಕೇಳಬೇಕು," ಎಂದ ಅಪ್ಪ, ಅವನೂ ಗಾಜಿನ ಕಡೆಗೇ.

ಹುಲಗೂರು ಇನ್ನೂ ಎರಡು ಮೈಲಿಯಿರುವಾಗ ಮುಂದಿನಿಂದ ಹಬೆ ಎದ್ದಿತು. ಕಾರು ನಿಂತಿತು. ಸ್ವಲ್ಪ ಹೊತ್ತು ಯಾರೂ ಇಳಿಯಲಿಲ್ಲ. ಇಂಥ ಹೊತ್ತಿಗೆ ಎಳೆದುಕೊಂಡು ಹೋಗಲು ದೊಡ್ಡಪ್ಪನ ಚಕ್ಕಡಿ ಇತ್ತು. ಅದು ಗಾಲಿಯಿಲ್ಲದೆ ಬೇವಿನ ಗಿಡದ ಕೆಳಗೆ ಮಲಗಿತ್ತು.

ದೊಡ್ಡಪ್ಪ ಇಳಿದು, ಹೆಗಲ ಮೇಲಿನ ವಲ್ಲಿಯ ತುದಿಯನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುವಿದ. ಹಬೆಯ ಜೊತೆ ವಾಸನೆಯೂ ಬಂತು. ಅವನು ಮೂಸಿದ. ಇನ್ನೊಮ್ಮೆ ಮೂಸಿದ. ಅಪ್ಪನ ಕಡೆ ತಿರುಗಿದ.

"ಏನ್ ಇಟ್ಟಿಯೋ ಇದರಾಗ?"

ಅಷ್ಟು ವರ್ಷಗಳ ಮೇಲೆ ಅಣ್ಣ ತಮ್ಮನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ನೈವೇದ್ಯ," ಎಂದ ಅಪ್ಪ.

"ಕಡಬೋ ಹೋಳಿಗ್ಯೋ?"

"ಒಂದೊಂದು ವರ್ಷ ಒಂದೊಂದು."

ದೊಡ್ಡಪ್ಪ ತಲೆ ಆಡಿಸಿದ. "ನಾ ಗಾಲಿಗೆ ಬರೇ ಎಡಿ ತೋರಿಸಿ ನಾನ ತಿಂತಿದ್ದೆ." ಆಮೇಲೆ ಇಬ್ಬರೂ ಡಬ್ಬಿ ಹಿಡಿದು ಹಳ್ಳದ ಕಡೆ ನೀರಿಗೆ ಹೋದರು. ಅಪ್ಪ ಮುಂದೆ, ದೊಡ್ಡಪ್ಪ ಹಿಂದೆ. ಏನೋ ವಾದಿಸುತ್ತಿರುವುದು ಕೇಳುತ್ತಿತ್ತು, ಏನೆಂದು ತಿಳಿಯಲಿಲ್ಲ.

ನಾನೂ ದೊಡ್ಡವ್ವನೂ ಹುಣಸೆಮರದ ಕೆಳಗೆ ಕುಳಿತೆವು.

"ಕಾರಿನ್ಯಾಗ ಅಲ್ಲವಾ ನೀ ಕುಂತಿದ್ದು," ಎಂದಳು ಅವಳು. "ನಮ್ಮ ಚಕ್ಕಡ್ಯಾಗ. ಸಂತಿ ದಿನ ಸವಣೂರಿಗೆ ಬರತಿತ್ತು, ನಮ್ಮ ಆಳು ಹೊಡೀತಿದ್ದ. ತಿರುಗಿ ಬರುವಾಗ ಊರ ಹೊರಗ ನಿಮ್ಮವ್ವ ನಿನ್ನ ಕರಕೊಂಡು ಹತ್ತತಿದ್ಲು. ಹುಲಗೂರು ನನ್ನ ತವರು. ನಾ ಅಲ್ಲಿ ಬಂದಿರತಿದ್ದೆ. ನಿಮ್ಮ ಆಯಿಗೆ, ಅಂದ್ರ ನಮ್ಮತ್ತಿಗೆ, ಹುಲಗೂರ ದರ್ಗಾಕ್ಕ ಹೊಕ್ಕೇನಿ ಅಂತ ಹೇಳಿ ಬರತಿದ್ಲು. ದರ್ಗಾಕ್ಕೂ ಹೋಗತಿದ್ವಿ, ಸುಳ್ಳಲ್ಲ. ಮರುದಿನ ಬಸ್ಸಿಗೆ ಹೋಗಾಕಿ. ಈ ಗಂಡಸರು ಮಾತು ಬಿಟ್ರಂತ ನಾವ್ಯಾಕ ಬಿಡಬೇಕು?"

ನನ್ನ ಮೊದಲ ಯೋಚನೆ, ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಸಾಕ್ಷಿ ಕೆಟ್ಟಿದೆ ಎಂಬುದು. ರಸ್ತೆ, ಮರ, ಕೈ ಎಲ್ಲವನ್ನೂ ತಿಂಗಳ ಹಿಂದೆ ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ತಾಯಿಯಿಲ್ಲದ ಹುಡುಗಿಗೆ ಕರುಣೆಯಿಂದ ನನ್ನದನ್ನೇ ನನಗೆ ತಿರುಗಿ ಕೊಡುತ್ತಿರಬಹುದು.

"ಎಲ್ಲಿ ಕುಂದರತಿದ್ವಿ ದೊಡ್ಡವ್ವ?" ಎಂದೆ, ಪರೀಕ್ಷೆ ಮಾಡುವವಳಂತೆ.

"ಹಿಂದಿನ ತುದಿಗೆ, ಕಾಲು ಇಳಿಬಿಟ್ಟು. ನೀ ಒಂದ ಕಡೆ ಕುಂದರಾಕಿ ಅಲ್ಲ. ಬಿದ್ದೀ ಅಂತ ನಿಮ್ಮವ್ವ ತನ್ನ ಸೆರಗಿಲೆ ನಿನ್ನ ಹೊಟ್ಟಿ ಸುತ್ತ ಕಟ್ಟಿ ಚಕ್ಕಡಿ ಗೂಟಕ್ಕ ಬಿಗೀತಿದ್ಲು. ಎಳಗರ ಕಟ್ಟಿದಂಗ. ಹುಲಗೂರಾಗ ಬಿಚ್ಚಿದ್ರ ಹೊಟ್ಟಿ ಮ್ಯಾಲ ಬರಿ ಮೂಡಿರತಿತ್ತು. ನಾ ಬೈತಿದ್ದೆ."

ಹೊಟ್ಟೆಯ ಬಿಗಿಯನ್ನು ನಾನು ಹೇಳಿದ್ದು ದಿನಚರಿಗೆ. ಮಿಸ್ತ್ರಿಯನ್ನು ಕೇಳಿದ್ದು ಪಟ್ಟಿಯ ಬಗ್ಗೆ. ದೊಡ್ಡವ್ವನಿಗೆ ಹೇಳಿರಲಿಲ್ಲ. ಊರಿಗೆ ಹೋದ ಮೇಲೆ ದಿನಚರಿ ತೆಗೆದು, ಆ ಊಟದ ದಿನ ಏನೇನು ಆಡಿದೆನೆಂದು ಬರೆದದ್ದನ್ನು ಎರಡು ಸಲ ಓದಿದೆ. ಹೇಳಿರಲಿಲ್ಲ. ಆದರೆ ಆ ಮರದ ಕೆಳಗೆ ದಿನಚರಿ ಬೇಕಾಗಲಿಲ್ಲ. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದೆ. ದೊಡ್ಡವ್ವ, "ಹಸಿವ್ಯಾಗೇತೇನು?" ಎಂದು ಗಂಟು ಬಿಚ್ಚಿ ರೊಟ್ಟಿ ಕೊಟ್ಟಳು. ತಿಂದೆ.

ನೀರು ತುಂಬಿಸಿ, ಅಲ್ಲಲ್ಲಿ ನಿಲ್ಲಿಸುತ್ತ, ಮಧ್ಯಾಹ್ನ ಹಿರೇಬೆಂಡಿಗೇರಿ ತಲುಪಿದೆವು. ಇಳಿಯುವಾಗ ಅಪ್ಪ ಕೇಳಿದ, "ಏನರ ನೆನಪಾತೇನು?"

"ರಸ್ತಾ ನೆನಪಾತು," ಎಂದೆ. ಇಬ್ಬರು ಗಂಡಸರಿಗೂ ಗೊತ್ತಿಲ್ಲದಂತೆ ಅವ್ವ ಮಾಡಿದ್ದನ್ನು ಅವರಿಬ್ಬರ ಎದುರು ಹೇಳುವ ಧೈರ್ಯ ನನಗೆ ಬರಲಿಲ್ಲ.

ಕಾರು ತಿರುಗಿ ಬರಲಿಲ್ಲ. ಆ ವಾರವೇ ಮಳೆ ಬಿತ್ತು. ಕೊಟ್ಟ ಮಾತಿನಂತೆ ಗಾಲಿ ಬಿಚ್ಚಬೇಕಾಯಿತು. ಅಪ್ಪನೇ ಹೋಗಿ ನಾಲ್ಕು ಕಲ್ಲು ಆರಿಸಿ ಜೋಡಿಸಿದ. ಇಲ್ಲಿಯ ಕಲ್ಲು ಸವಣೂರಿನವಕ್ಕಿಂತ ಸಮ ಇವೆ ಎಂದ. ಅಂದಿನಿಂದ ಪೇಪರು ಓದಲು ಅವನು ರವಿವಾರಕ್ಕೊಮ್ಮೆ ಎರಡು ಬಸ್ಸು ಹತ್ತಿ ಹಿರೇಬೆಂಡಿಗೇರಿಗೆ ಹೋಗತೊಡಗಿದ. ಪಕ್ಕದ ಸೀಟಿನಲ್ಲಿ ದೊಡ್ಡಪ್ಪ ಕುಳಿತು, ಓದಿದ್ದನ್ನೆಲ್ಲ ಸುಳ್ಳು ಎನ್ನುತ್ತಿದ್ದನಂತೆ.

ಗಾಲಿಗಳನ್ನು ಚಕ್ಕಡಿಗೆ ಮರಳಿ ಕೂಡಿಸಿದ ದಿನ ನಾನೂ ಅಲ್ಲಿದ್ದೆ. ದೊಡ್ಡಪ್ಪ ಅಚ್ಚಿಗೆ ಗ್ರೀಸು ಹಚ್ಚಿ ಎತ್ತು ತರಲು ಹೋಗಿದ್ದ. ನಾನು ಚಕ್ಕಡಿಯ ಹಿಂದೆ ಕುಳಿತು ಕಾಲು ಇಳಿಬಿಟ್ಟೆ. ಗೂಟ ಎಡಗೈಗೆ ಸಿಕ್ಕಿತು. ಅಪ್ಪ ಬಂದು ಎದುರು ನಿಂತ.

"ಅಪ್ಪಾ, ಅದು ಕಾರಲ್ಲ," ಎಂದೆ. "ಇದು."

ಅವನು ಗಾಲಿಯನ್ನು ನೋಡಿದ. "ಗೊತ್ತೈತಿ," ಎಂದ.

"ಹೆಂಗ?" ಎಂದೆ.

"ಶನಿವಾರ ಹಿರೇಕೆರೂರಿಂದ ಬಂದ್ರ ಆಕಿ ಸೀರಿಗೆ ಗ್ರೀಸು ಹತ್ತಿರತಿತ್ತು. ಕಾರಿನ ಗಾಲಿಗೆ ಹಾಕೂ ಗ್ರೀಸು, ಅಣ್ಣ ಅದನ್ನ ತರಿಸತಿದ್ದ. ಕೆಂಪಂದು. ನಮ್ಮ ಕೊಟ್ಟಿಗ್ಯಾಗ ಗಾಲಿನ ಇರಲಿಲ್ಲ."

"ಕೇಳಲಿಲ್ಲೇನು ಅವ್ವನ್ನ?"

"ಕೇಳಿದ್ರ ಬ್ಯಾಡ ಅನ್ನಬೇಕಾಗತಿತ್ತು."

"ಮತ್ತ ನನಗ್ಯಾಕ ಕಾರಂತ ಹೇಳಿದಿ?"

ಅಪ್ಪ ವಲ್ಲಿಯಿಂದ ಗೂಟವನ್ನು ಒರೆಸಿದ, ಅದರಲ್ಲಿ ಧೂಳಿರಲಿಲ್ಲ.

"ಕಾರಾಗಿದ್ರ ನಾನೂ ಅದರಾಗ ಇರತಿದ್ದೆ," ಎಂದ.

ದೊಡ್ಡಪ್ಪ ಎತ್ತು ತಂದು ಹೂಡಿದ. ಹಿಂದೆ ಬರೇ ಒಬ್ಬರು ಕುಳಿತರೆ ಚಕ್ಕಡಿ ಒಂದು ಕಡೆ ವಾಲುತ್ತದೆ ಎಂದು ಅಪ್ಪನನ್ನು ಬೈದ. ಅಪ್ಪ ಹತ್ತಿ ನನ್ನ ಇನ್ನೊಂದು ಬದಿಗೆ ಕುಳಿತ. ಹೊಲದ ದಾರಿ ನಮ್ಮಿಂದ ದೂರ ಸರಿಯತೊಡಗಿತು. ನನ್ನ ಕಾಲು ಈಗ ಉದ್ದ, ಕೆಸರಿಗೆ ತಾಗುತ್ತಿದ್ದವು. ಮಡಚಿಕೊಂಡೆ. ಕೆಳಗೆ ಗಾಲಿಗಳಿಗೆ ಹೆಚ್ಚು ಸದ್ದಿರಲಿಲ್ಲ.